ತಾನಾಗಿ ಎದ್ದದ್ದಕ್ಕೆ ಸಾಕ್ಷಿ

ಜನನ ಮರಣ ನೋಂದಣಿ ಕಚೇರಿಯ ಸರ್ವರ್ ತಾನಾಗಿ ಏಳುವುದಿಲ್ಲ. ಇದು ಯಾರೋ ಆಗದವರು ಹಬ್ಬಿಸಿದ ಮಾತಲ್ಲ. ಮುಖ್ಯಾಧಿಕಾರಿಗಳ ಹಸಿರು ಶಾಯಿಯ ಸಹಿಯೊಂದಿಗೆ ಕಡತದಲ್ಲಿ ದಾಖಲಾಗಿರುವ ಸಂಗತಿ. ಊರಿನಲ್ಲಿ ಯಾರು ಹುಟ್ಟಿದರು, ಯಾರು ಸತ್ತರು ಎಂಬ ವಿವರವೆಲ್ಲ ಆ ಸರ್ವರಿನ ಡೇಟಾಬೇಸಿನಲ್ಲಿದೆ. ಬೆಳಿಗ್ಗೆ ಒಂಬತ್ತಕ್ಕೆ ಕಾವಲುಗಾರ ಬಾಗಿಲು ತೆಗೆದು ಇದ್ದಬದ್ದ ಸ್ವಿಚ್ಚುಗಳನ್ನೆಲ್ಲ ಹಾಕುತ್ತಾನೆ. ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಕಂಪ್ಯೂಟರೂ ಏಳುತ್ತದೆ. ಡೇಟಾಬೇಸ್ ಮಾತ್ರ ಮುಸುಕೆಳೆದುಕೊಂಡು ಮಲಗಿಯೇ ಇರುತ್ತದೆ. ಅದನ್ನು ಎಬ್ಬಿಸಲು ಯಾರಾದರೂ ಒಂದು ಸಾಲು ಟೈಪು ಮಾಡಿ ಎಂಟರ್ ಒತ್ತಬೇಕು.

ಆ ಒಂದು ಸಾಲಿಗಾಗಿ ಒಂದು ಹುದ್ದೆಯಿತ್ತು. ಹನ್ನೊಂದು ವರ್ಷದಿಂದ ಆ ಹುದ್ದೆಯಲ್ಲಿದ್ದವಳಿಗೆ ಕಾಗದದ ಮೇಲೆ ‘ಡೇಟಾಬೇಸ್ ಚಾಲನಾ ಸಹಾಯಕಿ’ ಎಂದು ಹೆಸರು, ಬಾಯಲ್ಲಿ ‘ಸ್ಟಾರ್ಟಕ್ಕ’. ಸರಿಯಾಗಿ ಹತ್ತೂಕಾಲಿಗೆ ಆಕೆ ಸಾಲು ಟೈಪು ಮಾಡಿ, ಎಂಟರ್ ಒತ್ತಿ, ಪರದೆ ನೋಡಿ, ‘ಉತ್ಥಾನ ವಹಿ’ ಎಂಬ ದಪ್ಪ ಪುಸ್ತಕದಲ್ಲಿ ‘ಎದ್ದಿದೆ’ ಎಂದು ಬರೆದು ಸಹಿ ಹಾಕುತ್ತಿದ್ದಳು. ಆಮೇಲಷ್ಟೇ ಊರಲ್ಲಿ ಹುಟ್ಟುಸಾವು ಶುರು. ಒಮ್ಮೆ ಮೈ ಸುಡುವ ಜ್ವರದಲ್ಲೂ ಶಾಲು ಹೊದ್ದು ಬಂದು ಸರ್ವರನ್ನು ಎಬ್ಬಿಸಿ, ಮನೆಗೆ ಹೋಗಿ ತಾನು ಮಲಗಿದ್ದಳು.

ಹೀಗಿರುವಾಗ ಮಗಳ ಫೋನು ಬಂತು. ಅವಳಿರುವುದು ಬಸ್ಸಿನಲ್ಲಿ ಅರ್ಧ ದಿನದ ದೂರದಲ್ಲಿ, ತುಂಬಿದ ಬಸುರಿ.

“ಅಮ್ಮಾ, ಡಾಕ್ಟರು ಹಾಸಿಗೆ ಬಿಟ್ಟು ಏಳಲೇಬಾರದು ಅಂದಿದಾರೆ. ಇವರಿಗೆ ಮೂರು ಪಾಳಿ ಕೆಲಸ. ನೀನು ಬರ್ತೀಯ ತಾನೆ?”

“ಬರದೆ ಇರ್ತೀನಾ ಪುಟ್ಟಿ,” ಎಂದಳು ಸ್ಟಾರ್ಟಕ್ಕ. ಅವತ್ತೇ ಹದಿನೈದು ದಿನದ ರಜೆಗೆ ಅರ್ಜಿ ಬರೆದಳು. ಹನ್ನೊಂದು ವರ್ಷದಲ್ಲಿ ಅದು ಮೊದಲನೆಯದಾದ್ದರಿಂದ ಅರ್ಜಿಯ ನಮೂನೆ ಹುಡುಕಲು ಕಚೇರಿಗೆ ಎರಡು ದಿನ ಹಿಡಿಯಿತು.

ಮುಖ್ಯಾಧಿಕಾರಿಗಳು ಆಕೆಯನ್ನು ಕರೆಸಿ ಕೂರಲು ಹೇಳಿದರು. ಕೂರಲು ಹೇಳಿದಾಗಲೇ ಆಕೆಗೆ ಅರ್ಧ ಅರ್ಥವಾಯಿತು.

“ನಿಮ್ಮ ಅರ್ಜಿ ಓದಿ ನನಗೇ ಕಣ್ಣಲ್ಲಿ ನೀರು ಬಂತಮ್ಮ. ಆದರೆ ನೀವು ಹೋದರೆ ಸರ್ವರ್ ಏಳಲ್ಲ. ಸರ್ವರ್ ಏಳದಿದ್ದರೆ ಊರಲ್ಲಿ ಒಬ್ಬರೂ ಹುಟ್ಟೋ ಹಾಗಿಲ್ಲ.”

“ಆ ಸಾಲನ್ನ ಚೀಟಿಯಲ್ಲಿ ಬರೆದುಕೊಟ್ಟು ಹೋಗ್ತೀನಿ ಸಾರ್. ಕೌಂಟರಿನ ಗುಮಾಸ್ತರು ಟೈಪು ಮಾಡಲಿ.”

“ಅವರು ಕೌಂಟರಿನವರು. ಅವರ ಬೆರಳು ಬೇರೆ ವಿಭಾಗಕ್ಕೆ ಸೇರಿದ್ದು.”

ಆಕೆ ಎದ್ದು ಬಂದಳು. ಮರುದಿನ ಬೆಳಿಗ್ಗೆ ಎಂಟರ್ ಕೀಲಿಯನ್ನು ಎಷ್ಟು ಜೋರಾಗಿ ಒತ್ತಿದಳೆಂದರೆ, ಅದು ಒಳಗೆ ಹೋದದ್ದು ಮೇಲಕ್ಕೆ ಬರಲೇ ಇಲ್ಲ.

ಕೀಲಿ ರಿಪೇರಿಗೆ ವೈರಣ್ಣ ಬಂದ. ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ, ಕಿವಿಯ ಮೇಲೆ ಸದಾ ಸ್ಕ್ರೂಡ್ರೈವರ್ ಇಟ್ಟುಕೊಂಡಿರುವ ಮಾತು ಕಡಿಮೆಯ ಮನುಷ್ಯ.

“ಅಕ್ಕಾ, ಇದನ್ನ ದಿನಾ ಕೈಯಲ್ಲೇ ಎಬ್ಬಿಸ್ತೀರಾ?”

“ಮತ್ತೆ ಕಾಲಲ್ಲಿ ಎಬ್ಬಿಸ್ಲಾ?”

“ಹಂಗಲ್ಲ. ಒಂದೇ ಒಂದು ಸಲ ಒಂದು ಸಾಲು ಹಾಕಿಬಿಟ್ಟರೆ ಮುಗೀತು. ಆಮೇಲೆ ಕಂಪ್ಯೂಟರ್ ಎದ್ದಾಗೆಲ್ಲ ಇದೂ ಜೊತೆಗೇ ಏಳುತ್ತೆ. ಯಾರೂ ಮುಟ್ಟೋದೇ ಬೇಡ.”

ಸ್ಟಾರ್ಟಕ್ಕ ಉತ್ಥಾನ ವಹಿಯನ್ನು ಪಟ್ಟನೆ ಮುಚ್ಚಿದಳು. “ನೀನು ಎಷ್ಟು ವರ್ಷದಿಂದ ಇಲ್ಲಿಗೆ ಬರ್ತಿದ್ದೀಯ ವೈರಣ್ಣ?”

“ಹತ್ತು ಆಯ್ತು.”

“ಒಂದು ದಿನಾನಾದ್ರೂ ಬಾಯಿ ಬಿಡಬಾರದಿತ್ತೇನೋ?”

“ನನ್ನನ್ನ ಕೀಬೋರ್ಡಿಗೆ ಅಂತ ಕರೆದರೆ ನಾನು ಕೀಬೋರ್ಡ್ ಮಾತ್ರ ನೋಡೋದು ಅಕ್ಕಾ. ಅಧಿಕಪ್ರಸಂಗ ನಮ್ಮ ಮನೆತನದಲ್ಲೇ ಇಲ್ಲ.”

ಆದರೂ ಅವನು ಸಾಲು ಹಾಕಿಕೊಟ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತು.

ಮರುದಿನ ಸ್ಟಾರ್ಟಕ್ಕ ಮನೆಯಲ್ಲಿ ನಿಧಾನವಾಗಿ ತಲೆ ಬಾಚಿಕೊಂಡಳು. ಎರಡನೇ ಲೋಟ ಚಹಾ ಕುಡಿದಳು. ಹತ್ತೂಕಾಲಿಗೆ ಕಚೇರಿ ಮುಟ್ಟುವ ಹೊತ್ತಿಗೆ, ಸರ್ವರ್ ಎದ್ದಿರುವುದನ್ನು ಕಂಡು ದಿಕ್ಕುತಪ್ಪಿದ ಕೌಂಟರಿನ ಗುಮಾಸ್ತರು ಸರಿಯಾಗಿ ಹತ್ತು ಗಂಟೆಗೆ ಕೆಲಸ ಶುರುಮಾಡಿ ಮೂರು ಜನನ ಪ್ರಮಾಣಪತ್ರ ಕೊಟ್ಟುಬಿಟ್ಟಿದ್ದರು. ಮೂರು ಕುಟುಂಬಗಳೂ ನಗುತ್ತ ಮನೆಗೆ ಹೋಗಿದ್ದವು. ಕಚೇರಿಯಿಂದ ಯಾರೋ ನಗುತ್ತ ಹೋದರೆಂಬ ಸುದ್ದಿ ಮುಖ್ಯಾಧಿಕಾರಿಗಳ ಕಿವಿಗೆ ಬೀಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮಧ್ಯಾಹ್ನದೊಳಗೆ ಸುತ್ತೋಲೆ ಹೊರಟಿತು: “ಈ ದಿನ ಬೆಳಿಗ್ಗೆ ಒಂಬತ್ತರಿಂದ ಹತ್ತೂಕಾಲರವರೆಗೆ ಸರ್ವರ್ ಅನಧಿಕೃತವಾಗಿ ಎಚ್ಚರವಿದ್ದು, ಸದರಿ ಅವಧಿಯಲ್ಲಿ ಮೂರು ಮಕ್ಕಳು ಹುಟ್ಟಿರುವುದು ಕಚೇರಿಯ ಗಮನಕ್ಕೆ ಬಂದಿರುತ್ತದೆ. ಉತ್ಥಾನ ವಹಿಯಲ್ಲಿ ನಮೂದು ಇಲ್ಲದ ಕಾರಣ, ಸದರಿ ಮಕ್ಕಳನ್ನು ಮುಂದಿನ ಆದೇಶದವರೆಗೆ ಹುಟ್ಟಿಲ್ಲವೆಂದೇ ಪರಿಗಣಿಸತಕ್ಕದ್ದು.”

ಸಂಜೆ ವಿಚಾರಣೆ. ಮುಖ್ಯಾಧಿಕಾರಿಗಳ ಪಕ್ಕದಲ್ಲಿ ನಿಯಮಾಧಿಕಾರಿಗಳು ಕೂತಿದ್ದರು. ಕಚೇರಿಯ ನಿಯಮಗಳೆಲ್ಲ ಅವರಿಗೆ ಬಾಯಿಪಾಠ. ಯಾವುದು ಯಾವುದಕ್ಕೆ ಎಂಬುದೊಂದು ಬಿಟ್ಟು.

“ಇದನ್ನ ಎಬ್ಬಿಸಿದ್ದು ಯಾರು?” ಎಂದು ಅವರು ಕೇಳಿದರು.

“ಯಾರೂ ಇಲ್ಲ ಸಾರ್. ಒಳಗೆ ಒಂದು ಸಾಲು ಸೇರಿಕೊಂಡಿದೆ, ಅದರಿಂದ ತಾನಾಗೇ ಎದ್ದಿತು,” ಎಂದಳು ಸ್ಟಾರ್ಟಕ್ಕ. ಕೆಲಸ ಹೋದರೆ ಹೋಗಲಿ, ಆಗಲಾದರೂ ಮಗಳ ಹತ್ತಿರ ಹೋಗಬಹುದು ಎಂದು ಒಂದು ಮನಸ್ಸು. ಹನ್ನೊಂದು ವರ್ಷದ ಅನ್ನ ಎಂದು ಇನ್ನೊಂದು.

“ಯಾರೂ ಹೇಳದೆ ಕೆಲಸ ಮಾಡೋದು ಅಂದ್ರೇನಮ್ಮ? ಇವತ್ತು ತಾನಾಗೇ ಏಳುತ್ತೆ. ನಾಳೆ ತಾನಾಗೇ ಸಹಿ ಹಾಕಿದರೆ?”

ಸಹಿ ಹಾಕುವುದನ್ನು ಬಿಟ್ಟು ಬೇರೆ ಕೆಲಸವಿಲ್ಲದ ಮುಖ್ಯಾಧಿಕಾರಿಗಳು ತಮ್ಮ ಹಸಿರು ಪೆನ್ನನ್ನು ಮೆಲ್ಲಗೆ ಜೇಬಿಗೆ ಸೇರಿಸಿಕೊಂಡರು.

“ಆ ಸಾಲನ್ನ ಅಳಿಸಿಬಿಟ್ಟರೆ?” ಎಂದರು.

“ಬರೋದಿಲ್ಲ ಸಾರ್,” ಎಂದರು ನಿಯಮಾಧಿಕಾರಿಗಳು. “ಅದನ್ನ ಹಾಕೋಕೆ ಆದೇಶವೇ ಆಗಿಲ್ಲ. ಆದೇಶ ಆಗಿಲ್ಲ ಅಂದ್ಮೇಲೆ ಹಾಕಿಲ್ಲ. ಹಾಕದೇ ಇರೋದನ್ನ ಅಳಿಸೋದು ಹೇಗೆ?”

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಕಚೇರಿಗಳಿವೆ. ಈ ಕಚೇರಿ ಅಂಥದ್ದಲ್ಲ. ಇಲ್ಲಿ ಎತ್ತು ಈಯುವುದಕ್ಕೇ ನಿಯಮ ಮಾಡಿದರು. ಮೂರು ದಿನ ಚರ್ಚೆ ನಡೆದು ‘ಸ್ವಯಂ ಉತ್ಥಾನ ನಿಯಮಾವಳಿ’ ಹೊರಬಂತು. ಅದರ ಪ್ರಕಾರ ಸರ್ವರ್ ಇನ್ನು ಮುಂದೆ ಸಂಪೂರ್ಣವಾಗಿ ತಾನಾಗಿಯೇ ಏಳತಕ್ಕದ್ದು. ಆದರೆ ಮುಖ್ಯಾಧಿಕಾರಿಗಳ ಅಂದಂದಿನ ಲಿಖಿತ ಅನುಮತಿಯಿಲ್ಲದೆ ತಾನಾಗಿ ಏಳತಕ್ಕದ್ದಲ್ಲ. ಕಾವಲುಗಾರ ಅದರ ಸ್ವಿಚ್ಚು ಮುಟ್ಟುವಂತಿಲ್ಲ. ಮುಟ್ಟಲು ‘ಸ್ವಿಚ್ ನಿರ್ವಾಹಕ’ರೊಬ್ಬರು ಬರುತ್ತಾರೆ. ಅವರು ಮುಟ್ಟುವ ಮುಂಚೆ ಡೇಟಾಬೇಸ್ ನಿದ್ದೆಯಲ್ಲೇ ಇತ್ತು ಎಂದು ದೃಢೀಕರಿಸಲು ‘ನಿದ್ರಾ ಪರಿಶೀಲಕ’ರು. ಎಲ್ಲ ಮುಗಿದ ಮೇಲೆ, ಅದು ಯಾರ ಒತ್ತಾಯವೂ ಇಲ್ಲದೆ ತನ್ನ ಇಚ್ಛೆಯಿಂದಲೇ ಎದ್ದಿತೆಂದು ಕಣ್ಣಾರೆ ನೋಡಿ ಬರೆಯಲು ‘ಸ್ವಯಂ ಉತ್ಥಾನ ಸಾಕ್ಷಿ ಅಧಿಕಾರಿ’.

ಸಾಕ್ಷಿ ಅಧಿಕಾರಿಯಾಗಿ ಸ್ಟಾರ್ಟಕ್ಕನಿಗೆ ಬಡ್ತಿಯಾಯಿತು. ಕೈಯಿರುವ ಕುರ್ಚಿ ಬಂತು. ಮೊದಲ ದಿನ ಆಕೆಗೆ ಸಂಕೋಚವಾಯಿತು. ಮೂರನೇ ದಿನ, ಬರೀ ನೋಡುವುದೂ ಸುಲಭದ ಕೆಲಸವಲ್ಲ ಎನ್ನಿಸಿತು. ಐದನೇ ದಿನ, ಪರದೆಗೆ ಅಡ್ಡ ನಿಂತ ನಿದ್ರಾ ಪರಿಶೀಲಕರನ್ನು “ಸ್ವಲ್ಪ ಆಚೆ ನಿಲ್ರೀ, ಸಾಕ್ಷಿಗೆ ಅಡ್ಡ ಬರುತ್ತೆ,” ಎಂದು ಗದರಿದಳು. ಮೊದಲು ಹತ್ತೂಕಾಲಿಗೆ ಏಳುತ್ತಿದ್ದ ಸರ್ವರ್ ಈಗ ಹನ್ನೊಂದೂವರೆಗೆ ತಾನಾಗಿ ಏಳತೊಡಗಿತು. ಕಚೇರಿ ಆಧುನಿಕವಾಯಿತೆಂದು ಹೊರಗೆ ಫಲಕ ಹಾಕಿದರು.

ರಜೆಯ ಮಾತು ಮತ್ತೆ ಬಂತು. ಈ ಸಲ ಮುಖ್ಯಾಧಿಕಾರಿಗಳು ತಕ್ಷಣ ಒಪ್ಪಿದರು. “ಸಹಾಯಕಿಗೆ ರಜೆ ಇರಲಿಲ್ಲ, ಅಧಿಕಾರಿಗೆ ಇದೆ. ಅಧಿಕಾರಿ ಇಲ್ಲದಿದ್ದರೆ ಕಚೇರಿ ನಿಲ್ಲೋದು ಸಹಜವೇ ಅಲ್ಲವೇನಮ್ಮ?”

ಸಾಕ್ಷಿಯಿಲ್ಲದೆ ಸರ್ವರ್ ಏಳುವಂತಿಲ್ಲ. ಆದ್ದರಿಂದ ಬಾಗಿಲಿಗೆ ಪ್ರಕಟಣೆ ಅಂಟಿಸಿದರು: “ಸಾಕ್ಷಿ ಅಧಿಕಾರಿಗಳು ರಜೆಯ ಮೇಲೆ ತೆರಳುತ್ತಿರುವುದರಿಂದ, ಸಾರ್ವಜನಿಕರು ಮುಂದಿನ ಹದಿನೈದು ದಿನ ಜನನ ಮರಣಗಳನ್ನು ಸಾಧ್ಯವಾದಷ್ಟು ಮುಂದೂಡಿ ಸಹಕರಿಸಬೇಕಾಗಿ ಕೋರಲಾಗಿದೆ. ತುರ್ತು ಸಾವುಗಳಿದ್ದಲ್ಲಿ ಮೂರು ದಿನ ಮುಂಚಿತವಾಗಿ ಲಿಖಿತವಾಗಿ ತಿಳಿಸತಕ್ಕದ್ದು.”

ಸಾಲಿನಲ್ಲಿ ನಿಂತಿದ್ದವರು ಅದನ್ನು ಓದಿದರು. ಯಾರೂ ಕೂಗಾಡಲಿಲ್ಲ. ಅಲ್ಲಿದ್ದ ಮೂವರು ಹೆಂಗಸರ ಕಂಕುಳಲ್ಲಿ ಇನ್ನೂ ಹುಟ್ಟದ ಮೂರು ಮಕ್ಕಳು ಕಿರುಚುತ್ತಿದ್ದವು. ಪಾಪ, ಅವಕ್ಕೆ ನಿಯಮ ಗೊತ್ತಿಲ್ಲ. ದರ್ಜಿಯೊಬ್ಬ ಮಾತ್ರ ತಲೆ ಕೆರೆದುಕೊಂಡ. “ಹದಿನೈದು ದಿನ ಸ್ವಲ್ಪ ಕಷ್ಟ. ಆಗಲಿ, ಅಪ್ಪನಿಗೆ ಹೇಳಿ ನೋಡ್ತೀನಿ. ಹಠದ ಮನುಷ್ಯ, ಆದರೆ ಸರ್ಕಾರದ ಮಾತು ಅಂದ್ರೆ ಕೇಳ್ತಾರೆ.”

ಸ್ಟಾರ್ಟಕ್ಕ ಅವನ ಕಡೆ ಮೆಚ್ಚುಗೆಯಿಂದ ತಲೆಯಾಡಿಸಿ ಬಸ್ಸು ಹತ್ತಿದಳು. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅರ್ಧ ದಾರಿಯಲ್ಲಿ ಫೋನು ಹೊಡೆದುಕೊಂಡಿತು.

“ಅಮ್ಮಾ...” ಮಗಳ ದನಿ ನಡುಗುತ್ತಿತ್ತು. “ನೋವು ಶುರುವಾಯ್ತಮ್ಮಾ.”

ಸ್ಟಾರ್ಟಕ್ಕನ ಕಣ್ಣು ತುಂಬಿತು. ಧೈರ್ಯ ಹೇಳಬೇಕೆಂದು ಬಾಯಿ ತೆರೆದಳು.

“ಯಾರ ಅನುಮತಿ ಮೇಲೆ?” ಎಂದಳು.

“ಅನುಮತಿ ಏನಮ್ಮಾ, ತಾನಾಗೇ ಶುರುವಾಯ್ತು!”

“ತಾನಾಗೇನಾ? ಪಕ್ಕದಲ್ಲಿ ಯಾರಿದಾರೆ?”

“ನಾನಿದ್ದೀನಿ ಅತ್ತೆ,” ಎಂದಿತು ಅಳಿಯನ ದನಿ. “ಈಗ ತಾನೆ ಪಾಳಿ ಮುಗಿಸಿ ಬಂದೆ.”

“ಶುರುವಾಗಿದ್ದನ್ನ ಕಣ್ಣಾರೆ ನೋಡಿದ್ರಾ?”

“ನೋಡಿದೆ ಅತ್ತೆ.”

ಸ್ಟಾರ್ಟಕ್ಕ ನಿಟ್ಟುಸಿರು ಬಿಟ್ಟು ಸೀಟಿಗೆ ಒರಗಿದಳು. “ಹಾಗಾದ್ರೆ ಭಯ ಇಲ್ಲ. ಸಮಯ ಬರೆದು ಸಹಿ ಹಾಕಿಟ್ಟಿರಿ. ನಾನು ಬಂದೆ.”

ಆ ಕಡೆ ಪೆನ್ನು ಹುಡುಕುವ ಸದ್ದು ಕೇಳಿಸಿತು.