ನನ್ನ ಪಿಎಚ್‌ಡಿಗೆ ಊರೆಲ್ಲ ಗೈಡು

ಕುಬಿಹಾಳದಲ್ಲಿ ಕುಳಿತು ಅಮೆರಿಕದ ಚರಿತ್ರೆಯ ಮೇಲೆ ಪಿಎಚ್‌ಡಿ ಮಾಡುವವರಿಗೆ ನಗಿಸುವ ಸಂಗತಿಗಳನ್ನು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಅವೇ ಬಸ್ ಹತ್ತಿ ಬಂದು ಬಾಜೂ ಸೀಟಿನಲ್ಲಿ ಕೂಡುತ್ತವೆ.

ನಾನು ಕುಬಿಹಾಳದಿಂದ ದಿನಾ ಬಸ್ಸಿನಲ್ಲಿ ಹೋಗಿ ಕುಂದಗೋಳದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಉಪಚಾರ ನಡೆಯುತ್ತದೆ ಎಂದುಕೊಳ್ಳಬೇಡಿ. 'ಮುಂದಿನ ವರ್ಷ ಇರ್ತೀರೋ ಇಲ್ಲೋ' ಎಂದು ಪ್ರತಿ ವರ್ಷ ಕೇಳಿಸಿಕೊಳ್ಳುವ ಮಂದಿ ನಾವು. ಗುಲಾಮಗಿರಿಯ ಕಾಲದ ಆಫ್ರಿಕನ್-ಅಮೆರಿಕನ್ ಹೆಂಗಸರು ಹೊಲದಲ್ಲಿ ಹಾಡಿದ ಹಾಡು, ಮನೆಯಲ್ಲಿ ಹಳೆ ಬಟ್ಟೆ ಕೂಡಿಸಿ ಹೊದೆಯಲು ಹೊಲಿದ ಕೌದಿ, ಇವುಗಳಲ್ಲಿ ತಮ್ಮ ಮಾತನ್ನು ಹೇಗೆ ಉಳಿಸಿಕೊಂಡರು ಎಂಬುದು ನನ್ನ ವಿಷಯ. ಏಳನೆಯ ವರ್ಷ ನಡೆದಿತ್ತು. ಈ ಸಲ ಪದವಿ ಕೈಗೆ ಬರದಿದ್ದರೆ ಮುಂದಿನ ವರ್ಷ ಕೆಲಸವಿಲ್ಲ ಎಂದು ಪ್ರಾಂಶುಪಾಲರು ಚಹಾ ತರಿಸಿ ಹೇಳಿದ್ದರು. ಅಲ್ಲಿಯವರೆಗೆ ಅವರು ನನಗೆ ಒಮ್ಮೆಯೂ ಚಹಾ ತರಿಸಿದವರಲ್ಲ. ಹಾಗಾಗಿ ಮಾತು ಖರೆ ಎಂದು ಗೊತ್ತಾಯಿತು.

ಹತ್ತಿ ಬಿಡಿಸುವವರು

ಹತ್ತಿ ಬಿಡಿಸುವ ಹಂಗಾಮಿನಲ್ಲಿ ನಮ್ಮ ಬೆಳಗಿನ ಬಸ್ಸಿನಲ್ಲಿ ಕೂಲಿ ಹೆಣ್ಣುಮಕ್ಕಳದೇ ರಾಜ್ಯ. ಒಂದು ದಿನ ಬಾಜೂಕ್ಕೆ ಕೂತ ಹಿರಿಯಳು ನನ್ನ ಪುಸ್ತಕದಲ್ಲಿದ್ದ ಚಿತ್ರ ನೋಡಿದಳು. ಹೆಗಲಿಗೆ ಉದ್ದನೆಯ ಚೀಲ ಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದ ಹೆಂಗಸರ ಚಿತ್ರ ಅದು.

"ಇವರೂ ಹತ್ತಿ ಬಿಡಸಾಕ ಹೊಂಟಾರೇನ್ರಿ? ಯಾವೂರವ್ರು?"

"ಅಮೆರಿಕಾದವ್ರವ್ವಾ. ಕೂಲಿ ಇಲ್ಲದ ದುಡಸ್ಕೋತಿದ್ರು. ಬಿಟ್ಟು ಹೋದ್ರ ಹಿಡದು ತಂದು ಹೊಡೀತಿದ್ರು."

ಆಕೆ ಚಿತ್ರವನ್ನು ಇನ್ನೊಮ್ಮೆ ನೋಡಿ, ಹಿಂದಿನ ಸೀಟಿನವರಿಗೂ ತೋರಿಸಿದಳು. ಬಸ್ಸಿನ ಅರ್ಧ ಮಂದಿಗೆ ಸಿಟ್ಟು ಬಂತು. ಮರುದಿನ ನಾನು ಹತ್ತುವುದೇ ತಡ, "ಅವ್ರದು ಏನಾತ್ರಿ?" ಎಂದು ಕೇಳಿದರು. ನಿನ್ನೆ ರಾತ್ರಿ ನಾನು ಅಲ್ಲಿಗೆ ಫೋನ್ ಹಚ್ಚಿ ವಿಚಾರಿಸಿರಬೇಕು ಎಂಬ ಧಾಟಿ.

"ಅದು ಹಳೇ ಕಾಲದ್ದವ್ವಾ. ಗುಲಾಮಗಿರಿ ಹೋಗಿ ನೂರೈವತ್ತು ವರ್ಷದ ಮ್ಯಾಲಾತು," ಎಂದೆ.

"ಹಂಗಾದ್ರ ಈಗ ಸುಖದಿಂದ ಅದಾರ?"

"ಪೂರಾ ಅಂತೇನಿಲ್ಲ. ಇನ್ನೂ ಬಾಳ ತ್ರಾಸ ಅದಾವ."

ಆ ಹಿರಿಯಳು ನನ್ನ ಕೈಯಲ್ಲಿದ್ದ ದಪ್ಪ ಪುಸ್ತಕವನ್ನೂ ಚೀಲದಲ್ಲಿದ್ದ ಇನ್ನೆರಡನ್ನೂ ನೋಡಿ ಹೇಳಿದಳು, "ಮತ್ತ ಇಷ್ಟು ವರ್ಷ ನೀವು ಓದಿದವ್ರೆಲ್ಲಾ ಏನ್ ಮಾಡಾಕತ್ತಿದ್ರಿ?"

ಗುರು ಯಾರು

ಹಾಡಿನ ಅಧ್ಯಾಯ ಒಣಒಣ ಇದೆ, ಸಂಗೀತ ಬಲ್ಲವರನ್ನು ಕೇಳು ಎಂದು ನನ್ನ ಗೈಡ್ ಹೇಳಿದರು. ಕುಂದಗೋಳದಲ್ಲಿ ಸಂಗೀತ ಬಲ್ಲವರಿಗೆ ಬರವೇ? ಅಲ್ಲಿ ಚಹಾ ಸೋಸುವವನೂ ತಾಳ ತಪ್ಪಿದರೆ ತಲೆ ಎತ್ತಿ ನೋಡುತ್ತಾನೆ. ಹಿಂದೂಸ್ತಾನಿ ಗಾಯನ ಕಲಿಸುವ ಹಿರಿಯ ಮಾಸ್ತರರೊಬ್ಬರ ಮನೆಗೆ ಹೋಗಿ ಮೊಬೈಲಿನಲ್ಲಿ ಒಂದು ಹಳೆಯ ಧ್ವನಿಮುದ್ರಣ ಕೇಳಿಸಿದೆ. ಪಕ್ಕವಾದ್ಯವಿಲ್ಲ, ಏನಿಲ್ಲ. ಒಬ್ಬ ಮುದುಕಿ ಒಂದೇ ಸ್ವರವನ್ನು ಎಳೆದು ಎಳೆದು ಹಾಡಿದ್ದಳು.

ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಯಾವ ಘರಾಣೆ ಇದು?" ಎಂದರು.

"ಘರಾಣೆ ಇಲ್ರಿ. ಹೊಲದಾಗ ದುಡೀತ ಕಲ್ತ ಹಾಡು."

"ಗುರು ಯಾರು?"

"ಗುರುನೂ ಇಲ್ರಿ."

"ಹಂಗ ಅನಬ್ಯಾಡ್ರಿ. ಸ್ವರ ಹಿಂಗ ನಿಲ್ಲಬೇಕಂದ್ರ ಯಾರೋ ಆಕಿನ್ನ ಅಗದಿ ಬೈದಿರಬೇಕು."

ಬೈದವರೇನೋ ಬಹಳ ಮಂದಿ ಇದ್ದರು, ಅವರು ಯಾರೂ ಗುರುಗಳಲ್ಲ ಎಂದು ನಾನು ಆ ಹೆಂಗಸರ ಕಥೆ ಹೇಳಿದೆ. ಮಾಸ್ತರರು ನನ್ನ ಮೊಬೈಲನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಇನ್ನೊಮ್ಮೆ ಹಚ್ಚಿಸಿದರು, ಮತ್ತೊಮ್ಮೆ ಹಚ್ಚಿಸಿದರು. ಅವರ ಕಣ್ಣು ಒದ್ದೆಯಾದವು, ನನ್ನವೂ ಆದವು. ಆದರೆ ಮಾಸ್ತರಿಕೆ ಎಲ್ಲಿ ಬಿಡುತ್ತದೆ?

"ಎರಡನೇ ಸಾಲಿನ್ಯಾಗ ಪಂಚಮ ಕೂದಲೆಳಿಯಷ್ಟು ಇಳದೈತಿ. ಆಕಿಗೆ ತಿಳಿಸಿ ಹೇಳ್ರಿ."

"ಆಕಿ ತೀರಿಕೊಂಡು ಬಾಳ ವರ್ಷ ಆತ್ರಿ ಸರ್."

ಮಾಸ್ತರರು ಯೋಚಿಸಿ ಹೇಳಿದರು, "ಹಂಗಾದ್ರ ಇರಲಿ ಬಿಡ್ರಿ. ಈ ಸಲ ನಡೀತೈತಿ."

ಕಡೆಯ ಅವಧಿ

ಪ್ರಬಂಧ ಒಪ್ಪಿಸುವ ಅವಧಿ ಮುಗಿಯಿತೆಂದು ಅದನ್ನು ವಿಸ್ತರಿಸಲು ಅರ್ಜಿ ಹಿಡಿದು ವಿಶ್ವವಿದ್ಯಾಲಯದ ಕಚೇರಿಗೆ ಹೋದೆ. ತಡವಾಗಿದ್ದಕ್ಕೆ ಕಾರಣ ಎಂಬಲ್ಲಿ, 'ಮೂಲ ಆಕರಗಳೆಲ್ಲ ಅಮೆರಿಕದಲ್ಲಿವೆ' ಎಂದು ಪ್ರಾಮಾಣಿಕವಾಗಿ ಬರೆದಿದ್ದೆ. ಗುಮಾಸ್ತರು ಓದಿ, ಚಷ್ಮಾದ ಮೇಲಿಂದ ನೋಡಿದರು.

"ಆಕರ ಅಲ್ಲಿ ಅದಾವಂತ ಮೊದಲ ಗೊತ್ತಿರಲಿಲ್ಲೇನ್ರಿ?"

"ಗೊತ್ತಿತ್ರಿ."

"ನಿಮ್ಮ ಬಾಜೂ ಮನಿಯವ್ರ ಮ್ಯಾಲೆ ಮಾಡಬೇಕಿತ್ತು. ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿದ್ರ ಆಕರ ಸಿಗತಿದ್ವು."

ಆದರೂ ಮನುಷ್ಯ ಒಳ್ಳೆಯವರು. ಅರ್ಜಿ ಮಂಜೂರಾಗಿ ಬಂದಾಗ 'ಇದೇ ಕಡೆಯ ಅವಕಾಶ' ಎಂಬ ಸಾಲಿನ ಕೆಳಗೆ ತಾವೇ ಕೆಂಪು ಶಾಯಿಯ ಗೆರೆ ಎಳೆದು ಕೊಟ್ಟರು. "ಹೆದರಬ್ಯಾಡ್ರಿ, ಎಲ್ಲಾರಿಗೂ ಎಳೀತೀನಿ. ನಿಮಗ ಎರಡು ಎಳದೀನಿ," ಎಂದರು.

ವೈವಾ

ಕೊನೆಗೂ ಪ್ರಬಂಧ ಒಪ್ಪಿಸಿದೆ. ಉಳಿದದ್ದು ವೈವಾ. ಹೊರಗಿನಿಂದ ಬಂದ ಪರೀಕ್ಷಕರು ಎಲ್ಲರ ಎದುರಿಗೆ ಪ್ರಶ್ನೆ ಕೇಳುತ್ತಾರೆ, ನಾವು ಉತ್ತರ ಕೊಡಬೇಕು. ಯಾರು ಬೇಕಾದರೂ ಬಂದು ಕೂಡಬಹುದು. ಬಂದವರಿಗೆಲ್ಲ ಉಣ್ಣಲು ಕೊಡುವುದು ಪರೀಕ್ಷೆಗೆ ಕೂತವರ ಮನೆಯವರ ಪಾಲು. ಇದು ಯಾವ ನಿಯಮದಲ್ಲೂ ಇಲ್ಲ, ತಪ್ಪಿಸಿದವರೂ ಇಲ್ಲ. ಹೀಗಾಗಿ ನನ್ನ ಅತ್ತೆ ಎರಡು ಡಬ್ಬಿ ಹೋಳಿಗೆ ಹಿಡಿದು, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ನನ್ನ ಗಂಡನ ಜೊತೆ ಮೊದಲ ಸಾಲಿನಲ್ಲಿ ಕೂತರು.

ಪರೀಕ್ಷಕರು ಮೈಸೂರು ಕಡೆಯವರು. ಬಹಳ ಮೆಲ್ಲಗೆ ಮಾತಾಡುತ್ತಿದ್ದರು. ಹಾಡಿನ ಅಧ್ಯಾಯ ಸುಸೂತ್ರವಾಗಿ ದಾಟಿತು. ಆಮೇಲೆ ಅವರು ಇಂಗ್ಲಿಷಿನಲ್ಲಿ ಕೇಳಿದರು, "ಈ ಹೆಂಗಸರ ಕೌದಿಗಳಲ್ಲಿರುವ ಸೊಟ್ಟ ಹೊಲಿಗೆ ಒಡೆಯರ ವಿರುದ್ಧ ತೋರಿದ ಪ್ರತಿರೋಧ ಎಂದು ನಲವತ್ತು ಪುಟ ಬರೆದಿದ್ದೀರಿ. ಅವರು ಬೇಕೆಂದೇ ಸೊಟ್ಟ ಹೊಲಿದರು ಎನ್ನುವುದಕ್ಕೆ ಏನು ಆಧಾರ?"

ನಾನು ಒಬ್ಬ ವಿದ್ವಾಂಸರ ಮಾತು ಹೇಳಿದೆ. "ಅದು ಅವರ ಊಹೆ," ಎಂದರು. ಇನ್ನೊಬ್ಬರದು ಹೇಳಿದೆ. "ಅದು ಇವರ ಊಹೆ," ಎಂದರು. ನನ್ನ ಗೈಡ್ ಫ್ಯಾನಿನ ಕಡೆ ನೋಡತೊಡಗಿದರು. ಕೆಲಸ ಹೋಯಿತು, ಏಳು ವರ್ಷವೂ ನೀರಿಗೆ ಹೋಯಿತು ಎಂದುಕೊಂಡೆ.

ಅತ್ತೆ ನನ್ನ ಗಂಡನಿಗೆ, "ಏನ್ ಕೇಳಾಕತ್ತಾರಪಾ? ಇಕಿ ಯಾಕ ಸುಮ್ಮನ ನಿಂತಾಳ?" ಎಂದರು. ಗಂಡ ಪ್ರಶ್ನೆಯನ್ನು ಕನ್ನಡ ಮಾಡಿ ಅವರ ಕಿವಿಯಲ್ಲಿ ಹೇಳಿದರು. ಅತ್ತೆ ಎದ್ದು ನಿಂತರು.

"ಚಿಮಣಿ ಬುಡ್ಡಿ ಬೆಳಕಿನ್ಯಾಗ ಹೊಲಿದ್ರ ಸೊಟ್ಟನ ಆಕ್ಕೈತ್ರಿ ಸಾಹೇಬ್ರ. ದಿನಪೂರ್ತಿ ಹತ್ತಿ ಬಿಡಿಸಿ ಬಂದಾಕಿ ಕೈ ನೆಟ್ಟಗ ಓಡತೈತೇನು?"

ನನ್ನ ನಲವತ್ತು ಪುಟ ಅಲ್ಲಿಯೇ ಕುಸಿದು ಬಿದ್ದವು. ಪರೀಕ್ಷಕರು ಕನ್ನಡಕ ತೆಗೆದು ಕನ್ನಡಕ್ಕೆ ಇಳಿದರು. "ಅಂದ್ರೆ ಬೇಕಂತ ಮಾಡಿದ್ದಲ್ಲ ಅಂತೀರಾ ಅಮ್ಮಾ?"

"ಹೊಲಿಯೂವಾಗ ಬೇಕಂತ ಅಲ್ರಿ. ಮುಂಜಾನಿ ಎದ್ದು ನೋಡಿದ್ರ ಸೊಟ್ಟ ಆಗಿರತೈತಿ. ಗೌಡ್ರ ಮನಿ ಕೌದಿ ಇದ್ರ ಬಿಚ್ಚಿ ಮತ್ತ ನೆಟ್ಟಗ ಹೊಲೀತೀನಿ, ಗೌಡ್ತಿ ನೋಡ್ತಾಳ. ನಮ್ಮ ಹುಡುಗ್ರು ಹೊತ್ಕೊಳ್ಳೂದು ಇದ್ರ ಬಿಚ್ಚೂದಿಲ್ಲ. ಅದು ನಂದು. ಅಲ್ಲಿ ನನ್ನ ಕೇಳವ್ರು ಯಾರದಾರ?"

ಪರೀಕ್ಷಕರು ಎರಡು ನಿಮಿಷ ಏನನ್ನೋ ಬರೆದರು. "ನಾನು ಕೇಳಿದ್ದಕ್ಕೆ ಇದೇ ಉತ್ತರ. ಬೇಕೆಂದೇ ಮಾಡಿದ್ದು ಹೊಲಿದದ್ದರಲ್ಲಿ ಇಲ್ಲ, ಬಿಚ್ಚದೆ ಬಿಟ್ಟದ್ದರಲ್ಲಿದೆ," ಎಂದರು. ಗೈಡ್ ಜೊತೆ ಗುಸುಗುಸು ಮಾತಾಡಿದರು. ಆಮೇಲೆ ಎದ್ದು ನಿಂತು, ಪದವಿಗೆ ಶಿಫಾರಸು ಮಾಡಿದ್ದೇನೆ ಎಂದು ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನು ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ಚಪ್ಪಾಳೆ ನಿಂತ ಮೇಲೆ ಪರೀಕ್ಷಕರು ನನ್ನ ಕಡೆ ತಿರುಗಿದರು. "ಅಲ್ಲಮ್ಮಾ, ಮನೆಯಲ್ಲೇ ಇಂಥವರಿದ್ದಾರೆ. ಈ ಮಾತು ನಿಮ್ಮ ಪ್ರಬಂಧದಲ್ಲಿ ಯಾಕಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೋಳಿಗೆಯ ಡಬ್ಬಿಯ ಮುಚ್ಚಳ ಬಿಚ್ಚುತ್ತ ಹೇಳಿದರು, "ನಾ ಬಾಜೂಕ ಕುಂತು ಕೌದಿ ಹೊಲೀತಿದ್ದೆರಿ. ಆಕಿ ಏಳು ವರ್ಷ ಅಮೆರಿಕಾದವ್ರನ್ನ ಕೇಳಿದ್ಲು, ನನ್ನ ಕೇಳಲೇ ಇಲ್ಲ."