ಮಿರೇನಾಳ ಮನೆಗೆ ನಾನು ಹೋದದ್ದು

ನನಗೆ ಹೊಟ್ಟೆಕಿಚ್ಚಿನ ಸ್ವಭಾವವೇ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೆ. ಮಿರೇನಾ ಬರುವವರೆಗೆ!

ಮಿರೇನಾ ನನ್ನ ಗಂಡನ ವಿಡಿಯೋ ಗೇಮಿನೊಳಗಿನ ಹೆಂಗಸು. ಕಾಡಿನಂಚಿನ ಊರೊಂದರಲ್ಲಿ ಒಬ್ಬಳೇ ಇದ್ದುಕೊಂಡು ಮದ್ದು ಮಾರುತ್ತಾಳೆ. ಇವರು ಮೆಲ್ಕಾರಿನ ಅಂಗಡಿ ಮುಚ್ಚಿ ಪುಂಜಾಲಕಟ್ಟೆಯ ಮನೆಗೆ ಬಂದವರೇ ಟಿವಿಯ ಮುಂದೆ ಕೂತು ಕತ್ತಿ ಹಿಡಿಯುತ್ತಿದ್ದರು. ಅವಳು ಗುಡ್ಡದ ಮೇಲಿನ ಬೇರು ಬೇಕೆಂದರೆ ಸಾಕು, ತೋಳಗಳ ಜೊತೆ ಹೋರಾಡಿ ತಂದುಕೊಡುತ್ತಿದ್ದರು. ನಾನು ಎದುರಿನ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತನ್ನಿ ಎಂದರೆ ಸೊಂಟನೋವು!

"ಅವಳಿಗೆ ಯಾಕೆ ಇಷ್ಟೆಲ್ಲ ಚಾಕರಿ?" ಎಂದು ಕೇಳಿದೆ.

"ಹಾಗಲ್ಲ ಮಾರಾಯ್ತಿ, ಇದರಲ್ಲಿ ನಾವೇ ಒಳಗೆ ಇದ್ದ ಹಾಗೆ ಆಗ್ತದೆ. ನಮ್ಮ ಕಣ್ಣಿನಿಂದಲೇ ನೋಡುವುದು, ನಮ್ಮ ಕೈ ಮಾತ್ರ ಕಾಣುವುದು. ಅವಳ ವಿಶ್ವಾಸ ನೂರು ಆದ್ರೆ ನಮ್ಮ ಜೊತೆ ಪ್ರಯಾಣಕ್ಕೆ ಬರ್ತಾಳೆ. ಈಗ ತೊಂಬತ್ತೆಂಟು ಉಂಟು."

ಪ್ರಯಾಣ! ಮೂಡುಬಿದಿರೆಯ ಬಸದಿ ತೋರಿಸಿ ಎಂದು ನಾನು ಎರಡು ವರ್ಷದಿಂದ ಕೇಳುತ್ತಿದ್ದೇನೆ.

ಆ ಭಾನುವಾರ ಇವರು ಕನ್ಯಾನದಲ್ಲಿರುವ ಅಣ್ಣನ ಮನೆಗೆ ಹೋದರು. ಮಿರೇನಾಳನ್ನು ಖುದ್ದಾಗಿ ಭೇಟಿಯಾಗಿ, ಗೌರವಯುತವಾಗಿ ವಿಷಯ ಇತ್ಯರ್ಥಪಡಿಸುವುದೆಂದು ನಾನು ತೀರ್ಮಾನಿಸಿದೆ. ಕಂಟ್ರೋಲರ್ ಹಿಡಿದೆ. ಮೊದಲ ಹತ್ತು ನಿಮಿಷ ಆಕಾಶ ನೋಡಿದೆ. ಮತ್ತೆ ಹತ್ತು ನಿಮಿಷ ಗೋಡೆಗೆ ಮುಖ ಉಜ್ಜಿದೆ. ಕೊನೆಗೂ ಅವಳ ಬಾಗಿಲು ಸಿಕ್ಕಿತು.

ಚಪ್ಪಲಿ ಬಿಚ್ಚಿಡೋಣವೆಂದು ಕೆಳಗೆ ನೋಡಿದೆ. ಕಾಲೇ ಇಲ್ಲ! ನನ್ನ ಗಂಡ ಎಂಟು ತಿಂಗಳಿಂದ ಕಾಲಿಲ್ಲದೆ ಗುಡ್ಡ ಹತ್ತುತ್ತಿದ್ದಾರೆಂದು ನೆನೆದು ಒಂದು ಕ್ಷಣ ಪಾಪ ಅನಿಸಿತು.

ಒಳಗೆ ಮಿರೇನಾ ಬೆನ್ನು ತಿರುಗಿಸಿ ಏನೋ ಅರೆಯುತ್ತಿದ್ದಳು. ಮೇಜಿನ ಮೇಲೆ ಒಂದು ಲೋಟ ನೀರು, ಪಕ್ಕದಲ್ಲಿ ಬೆಲ್ಲದಂಥ ತುಂಡು. ನಮ್ಮಲ್ಲಿ ಮನೆಗೆ ಬಂದವರು ಬೆಲ್ಲ ನೀರು ಮುಟ್ಟದೆ ಹೋದರೆ ಮನೆಯವರಿಗೆ ಅವಮಾನ. ಶತ್ರುವಾದರೇನು, ಮರ್ಯಾದೆ ಮರ್ಯಾದೆಯೇ. ಬಟನ್ ಒತ್ತಿ ಎರಡನ್ನೂ ಮುಗಿಸಿದೆ.

"ಕಳ್ಳ!" ಎಂದು ಅವಳು ಇಂಗ್ಲಿಷಿನಲ್ಲಿ ಕಿರುಚಿದಳು.

ಅದು ಯಾರಿಗೋ ಮಾಡಿಟ್ಟ ಮದ್ದಂತೆ! ಕಾವಲುಗಾರರು ನುಗ್ಗಿದರು. ಕೈಮುಗಿದು ಸಮಾಧಾನ ಹೇಳೋಣವೆಂದು ಇನ್ನೊಂದು ಬಟನ್ ಒತ್ತಿದೆ. ಗಂಡನ ಕೈ ಮುಂದೆ ಬಂತು. ಕತ್ತಿಯ ಸಮೇತ!

ಹೀಗೆ ನಾನು ಗಂಡನ ಕಣ್ಣುಗಳಿಂದ ಜೈಲಿನ ಗೋಡೆ ನೋಡುತ್ತಾ ಕೂತೆ. ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ಬಹಳ ಖುಷಿಯಾಗಿತ್ತು.

ಸಂಜೆ ಇವರು ಬಂದು ಟಿವಿ ನೋಡಿದರು. ಮಿರೇನಾಳ ವಿಶ್ವಾಸ ಸೊನ್ನೆ.

"ಎಂತ ಮಾಡಿದ್ದು ನೀನು?"

"ನೀರು ಕುಡಿದೆ."

"ಎಂಟು ತಿಂಗಳು ಮಾರಾಯ್ತಿ!"

ಇನ್ನಾದರೂ ಅವಳನ್ನು ಮರೆತು ನನ್ನ ಮುಖ ನೋಡುತ್ತಾರೆಂದು ಕಾದೆ. ಇವರು ಉದ್ದಕ್ಕೆ ಉಸಿರು ಬಿಟ್ಟು, "ಪರವಾಗಿಲ್ಲ, ಮೊದಲಿನಿಂದ ಶುರು ಮಾಡುವ" ಎಂದರು. ಮತ್ತೆ ಮೊದಲ ಭೇಟಿ, ಮತ್ತೆ ಅವಳ ಮೊದಲ ನಾಚಿಕೆ! ಎಂಟು ತಿಂಗಳಲ್ಲಿ ಹಳತಾಗಿದ್ದ ಸಂಬಂಧವನ್ನು ನಾನೇ ಕೈಯಾರೆ ಹೊಸತು ಮಾಡಿಕೊಟ್ಟಿದ್ದೆ.

ಮೊನ್ನೆ ಇವರು ಆಟ ನಿಲ್ಲಿಸಿ ನನ್ನ ಕಡೆ ತಿರುಗಿದರು. "ನೀನು ಹೇಳು, ಅವಳಿಗೆ ಕೆಂಪು ಶಾಲು ಕೊಡುವುದಾ, ಹಸಿರಾ?"

ಹದಿನಾಲ್ಕು ವರ್ಷದ ಸಂಸಾರದಲ್ಲಿ ಇವರು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು! ಸಂತೋಷದಲ್ಲಿ ಎಲ್ಲ ಮರೆತು, ಅವಳನ್ನು ಮೇಲಿಂದ ಕೆಳಗೆ ನೋಡಿ, "ಹಸಿರು ಕೊಡಿ, ಅವಳಿಗೆ ಒಪ್ತದೆ" ಎಂದುಬಿಟ್ಟೆ.