ಟವೆಲ್ಲಿನ ಕೆಳಗೊಂದು ಕಿಟಕಿ

ಎತ್ತಿನ ಹಲ್ಲು ನೋಡಿ ವಯಸ್ಸು, ಮಾರುವವನ ಕಣ್ಣು ನೋಡಿ ಕೊನೆಯ ದರ ಹೇಳಬಲ್ಲವನು ನಾನು. ಬೈಲಹೊಂಗಲ ಪೇಟೆಯಲ್ಲಿ ಬೇರೆಯವರ ಎತ್ತಿನ ಹಗ್ಗ ಹಿಡಿದು ನಿಂತವನು ಇಂದು ಸ್ವಂತ ದಲ್ಲಾಳಿ. ಇಂಥವನಿಗೆ ವಿಮಾನ ನಿಲ್ದಾಣ ಯಾವ ಲೆಕ್ಕ!

ಹೆಂಡತಿ ಗಿರಿಜಾಳಿಗೆ ಮಾತ್ರ ಒಂದೇ ಕನಸು: ಮೋಡವನ್ನು ಮೇಲಿನಿಂದ ನೋಡಬೇಕು. ಬೆಂಗಳೂರಿನ ನೆಂಟರ ವಾಸ್ತುಶಾಂತಿಗೆ ವಿಮಾನದ ಟಿಕೆಟ್ ಮಾಡಿಸಿದ ಮೇಲೆ ರೊಟ್ಟಿ ತಟ್ಟುತ್ತಲೇ ಆಕಾಶ ನೋಡಿ ನಿಂತುಬಿಡುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಕರಕಲು!

"ಹತ್ತಿ ಹಿಂಜಿ ಹರವಿದಂಗ ಕಾಣತಾವೇನ್ರೀ?"

"ನೋಡೀಯಂತ. ಕಿಟಕಿ ಸೀಟು ನಂದು ಜವಾಬ್ದಾರಿ," ಎಂದು ಘೋಷಿಸಿದ್ದೆ.

ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್ ಕೈಗೆ ಬಂತು. ನಮ್ಮದು ನಡುವಿನ ಸೀಟು, ಅಂಚಿನ ಸೀಟು. ಗಿರಿಜಾ ಗಾಜಿನಾಚೆಯ ಬಿಳಿ ಬಿಸಿಲನ್ನೇ ನೋಡುತ್ತ ಕುಳಿತಳು.

ಅಷ್ಟರಲ್ಲಿ ಧ್ವನಿವರ್ಧಕ ಉಲಿಯಿತು: ಅನುಮಾನಾಸ್ಪದವಾದದ್ದು ಕಂಡರೆ ಕೂಡಲೇ ತಿಳಿಸಿ. ಸಲಹೆ ಕೊಡುವ ಅವಕಾಶವನ್ನು ನಾನು ಬಿಟ್ಟವನಲ್ಲ. ಪಕ್ಕದಲ್ಲಿದ್ದ ಮೈಸೂರು ಕಡೆಯ ಟೀಚರಮ್ಮನವರಿಗೆ ಉಪದೇಶ ಆರಂಭಿಸಿದೆ.

"ನಾವು ಮಂದಿನೂ ಕಣ್ಣು ಇಡಬೇಕ್ರೀ ಮೇಡಮ್ಮಾರ. ಸಂಶಯ ಬಂತಂದ್ರ ಹೋಗಿ ಹೇಳಿಬಿಡ್ರಿ. ಪರಿಚಯದವರು ಅಂತ ಸಂಕೋಚ ಮಾಡಬ್ಯಾಡ್ರಿ!"

"ಖಂಡಿತ," ಎಂದರು ಅವರು.

ಆಗ ಬಂದರು ರಾಮದುರ್ಗದ ಎತ್ತಿನ ವ್ಯಾಪಾರಿ ರುದ್ರಪ್ಪನವರು. ಅವರ ಪಾಸ್ ನೋಡಿದೆ. ನಮ್ಮದೇ ಸಾಲು. ಕಿಟಕಿ!

ನಮ್ಮ ಪೇಟೆಯಲ್ಲಿ ದರವನ್ನು ಬಾಯಿಂದ ಆಡುವ ರೂಢಿಯಿಲ್ಲ. ಟವೆಲ್ ಮುಚ್ಚಿ, ಅದರೊಳಗೆ ಬೆರಳು ಹಿಡಿದು ಒತ್ತುತ್ತೇವೆ. ಮುಖ ಮಾತ್ರ ಬೇರೆಲ್ಲೋ ನೋಡುತ್ತಿರಬೇಕು. ಹೆಗಲ ಟವೆಲ್ ತೆಗೆದೆ. ಕಿಟಕಿ ಸೀಟಿನ ದರವೆಂದು ಎರಡು ಬೆರಳು ಒತ್ತಿದೆ. ಐದು ಬೇಕೆಂದು ರುದ್ರಪ್ಪನವರು ಇಡೀ ಅಂಗೈ ಹಿಡಿದರು. ನಾನು ಮುಖ ಗಂಟಿಕ್ಕಿ ಛಾವಣಿ ನೋಡಿದೆ. ಅವರು ಬಾಗಿಲು ನೋಡಿದರು. ಬೆವರು ಇಳಿಯಿತು. ವ್ಯವಹಾರ ಕುದುರುವ ಹೊತ್ತು!

"ಇಬ್ಬರೂ ಅಲುಗಾಡಬೇಡಿ."

ಎದುರಿಗೆ ಭದ್ರತಾ ಸಿಬ್ಬಂದಿ! ಅವರ ಹಿಂದೆ ಟೀಚರಮ್ಮ!

"ಟವೆಲ್ ಕೆಳಗೆ ಏನಿದೆ?"

"ದರ ಐತ್ರಿ ಸಾಹೇಬ್ರ."

"ತೆಗೆದು ತೋರಿಸಿ."

"ಎಲ್ಲಾರ ಮುಂದ ಹೆಂಗ ತೋರಸಲ್ರೀ? ಧಂದೆ ಕೆಡತೈತಿ!"

ಈ ಮಾತು ನಮಗೆ ನೆರವಾಗಲಿಲ್ಲ. ನಮ್ಮಿಬ್ಬರನ್ನೂ ಒಂದು ಕೋಣೆಗೆ ಕರೆದೊಯ್ದರು. ವಿಮಾನ ಹತ್ತಲು ಕರೆಯೂ ಬಂತು. ಕೊನೆಗೆ ಆ ಸಾಹೇಬರ ಬೆರಳನ್ನೇ ಟವೆಲ್ಲಿನೊಳಗೆ ಹಿಡಿದು ಪಾಠ ಹೇಳಬೇಕಾಯಿತು. ಅವರು ನಗು ತಡೆದುಕೊಂಡು, "ಓಡಿ!" ಎಂದರು.

ಹೊರಗೆ ಗಿರಿಜಾ ಕಣ್ಣು ತುಂಬಿಕೊಂಡು ನಿಂತಿದ್ದಳು. ಟೀಚರಮ್ಮ ಮೆಲ್ಲಗೆ, "ನೀವೇ ಹೇಳಿದ್ರಲ್ಲ ಸರ್, ಸಂಕೋಚ ಬೇಡ ಅಂತ," ಎಂದರು. ನನ್ನ ಸಲಹೆಯನ್ನು ಇಷ್ಟು ಚೊಕ್ಕವಾಗಿ ಪಾಲಿಸಿದವರು ಜೀವಮಾನದಲ್ಲಿ ಇವರೊಬ್ಬರೇ!

ಗಿರಿಜಾ ನೇರ ರುದ್ರಪ್ಪನವರತ್ತ ತಿರುಗಿದಳು. "ಅಣ್ಣಾರ, ನನಗ ಮ್ಯಾಲಿಂದ ಮೋಡ ನೋಡೂದೈತ್ರಿ. ಕಿಟಕಿ ಕೊಡತೀರೇನ್ರೀ?"

"ಅಯ್ಯ ತಂಗೀ, ಕುಂದರವಾ! ನನಗ ಕೆಳಗ ನೋಡಿದ್ರ ತಲಿ ತಿರಗತೈತಿ."

ಮುಗಿಯಿತು ವ್ಯವಹಾರ.

ವಿಮಾನ ಏರಿತು. ಅಂಚಿನಲ್ಲಿ ರುದ್ರಪ್ಪನವರ ಗೊರಕೆ, ನಡುವೆ ನಾನು. ಕಿಟಕಿಯ ತುಂಬ ಹಿಂಜಿದ ಹತ್ತಿಯಂತೆ ಮೋಡ ಹರಡಿತ್ತಂತೆ. ನನಗೆ ಕಂಡದ್ದು ಗಿರಿಜಾಳ ತುರುಬು ಮಾತ್ರ. ಆಕೆ ಹೊರಗೇ ನೋಡುತ್ತ, ಸೆರಗಿನ ಕೆಳಗೆ ನನ್ನ ಕೈ ಹಿಡಿದು ಒಂದು ಬೆರಳನ್ನು ಮೆಲ್ಲಗೆ ಒತ್ತಿದಳು.

ಅದೆಷ್ಟು ದರವೋ, ಬೆಂಗಳೂರು ಮುಟ್ಟಿದರೂ ತಿಳಿಯಲಿಲ್ಲ. ದಲ್ಲಾಳಿಯಂತೆ, ದಲ್ಲಾಳಿ!